ಮೊದಲಿನ ಹಾಗೆ

ನನ್ನ ತಮ್ಮ ತೀರಿಕೊಂಡ ಮೇಲೆ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ. ಅವನನ್ನು ಹಿಂದಕ್ಕೆ ಕೊಡು ಎಂದಲ್ಲ. ಅಷ್ಟು ತಿಳಿಯದವನಲ್ಲ ನಾನು. ಅವನ ಬೈಕು ಒಮ್ಮೆ, ಒಂದೇ ಒಂದು ಸಲ, ಸಂಜೆಯ ಹೊತ್ತು ನಮ್ಮ ಗೇಟಿನ ಮುಂದೆ ಬಂದು ನಿಂತು ಸದ್ದು ಮಾಡಲಿ, ನಾನು ಎದ್ದು ಹೋಗಿ ಗೇಟು ತೆಗೆಯುವಂತಾಗಲಿ ಎಂದು ಬೇಡಿಕೊಂಡೆ. ಯಂತ್ರದ ಸದ್ದಿಗಾಗಿ ಪ್ರಾರ್ಥಿಸಬಹುದೇ ಎಂದು ಮೊದಮೊದಲು ಸಂಕೋಚವಾಯಿತು. ಆಮೇಲೆ, ಮನಸ್ಸಿನಲ್ಲಿ ಇರುವುದನ್ನು ದೇವರಿಂದ ಮುಚ್ಚಿಟ್ಟು ಬೇರೇನನ್ನೋ ಬೇಡುವುದು ಇನ್ನೂ ಕೆಟ್ಟದ್ದು ಎನಿಸಿ, ಬೇಡುತ್ತಲೇ ಹೋದೆ.

ಆ ಬೈಕು ಇಟಲಿಯದು. ನನ್ನ ತಮ್ಮನ ಕೈಗೆ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು; ಕೆಂಪು ಬಣ್ಣ ಬಿಸಿಲಿಗೆ ಕಿತ್ತಳೆಗೆ ತಿರುಗಿತ್ತು. ಎರಡು ಸಿಲಿಂಡರುಗಳಲ್ಲಿ ಒಂದು ನೆಟ್ಟಗೆ ನಿಂತಿತ್ತು, ಇನ್ನೊಂದು ಮುಂಚಕ್ರದ ಕಡೆಗೆ ಕಾಲು ಚಾಚಿ ಮಲಗಿತ್ತು. ರೇಸಿನವರಿಗಾಗಿ ಮಾಡಿದ ಗಾಡಿಯಾದ್ದರಿಂದ ಅದಕ್ಕೆ ಒಂದೇ ಸೀಟು. ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದ ನನ್ನ ತಮ್ಮ, ರಜೆಯ ದಿನಗಳಲ್ಲಿ ಕೂತು ಹಿಂದುಗಡೆ ಕಬ್ಬಿಣದ ಚೌಕಟ್ಟು ಕಟ್ಟಿ ಹೆಂಡತಿಗೊಂದು ಸೀಟು ಮಾಡಿದ. ಬೆನ್ನು ನೋವೆಂದು ಹ್ಯಾಂಡಲನ್ನು ಎತ್ತರಿಸಿದ. ಅವನ ಹೆಂಡತಿ ಆ ಸೀಟಿನ ಮೇಲೆ ಮೊದಲ ಸಲ ಹತ್ತಿದ ದಿನ ನನ್ನ ಕಡೆ ತಿರುಗಿ, "ನೋಡಿ ಭಾವ, ಸವತಿಯ ತೊಡೆ ಮೇಲೆ ಕೂರಿಸ್ಕೊಂಡು ಹೋಗ್ತಿದಾರೆ ನನ್ನ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಬೈಕಿಗೆ ಸವತಿ ಎಂದೇ ಹೆಸರು. 'ಸವತಿಗೆ ಎಣ್ಣೆ ಆಯ್ತಾ', 'ಸವತಿ ಇವತ್ತು ಮುನಿಸ್ಕೊಂಡಿದಾಳೆ' ಎಂದೆಲ್ಲ ಅವಳೇ ಹೇಳುವಳು.

ಸವತಿಯ ಸ್ವಭಾವವೇ ಬೇರೆ. ಸಾಮಾನ್ಯ ಬೈಕುಗಳ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುತ್ತದೆ. ಇದರದು ಒಣಕ್ಲಚ್ಚು; ಹಿಡಿಯನ್ನು ಒತ್ತಿ ಹಿಡಿದರೆ ಒಳಗಿನ ಪ್ಲೇಟುಗಳೆಲ್ಲ ಸಡಿಲವಾಗಿ, ಡಬ್ಬಿಯಲ್ಲಿ ನಟ್ಟು ಬೋಲ್ಟು ತುಂಬಿ ಅಲ್ಲಾಡಿಸಿದ ಹಾಗೆ ಗಲಗಲ ಎನ್ನುತ್ತವೆ. ನನ್ನ ತಮ್ಮ ಕ್ಲಚ್ಚಿನ ಮುಚ್ಚಳದಲ್ಲಿ ಕಿಟಕಿಗಳನ್ನು ಬೇರೆ ಕೊರೆದಿದ್ದರಿಂದ ಆ ಸದ್ದು ದೂರಕ್ಕೂ ಕೇಳುತ್ತಿತ್ತು. ದಾರಿಯಲ್ಲಿ ಹೋಗುವವರು ನಿಲ್ಲಿಸಿ, "ನಿಮ್ಮ ಗಾಡೀಲಿ ಏನೋ ಕಳಚ್ಕೊಂಡಿದೆ ನೋಡ್ರೀ" ಎನ್ನುವರು. "ಅದು ಮಾತಾಡೋದೇ ಹಾಗೆ" ಎಂದು ನನ್ನ ತಮ್ಮ ನಗುವನು.

ನಮ್ಮ ಮನೆಯ ಮುಂದೆ ಇಳಿಜಾರಿದೆ. ಗೇಟು ತಗಡಿನದು, ಆಳೆತ್ತರ, ಅಗುಳಿ ಒಳಗಡೆ. ಸವತಿಯ ಕಾಲೂರುವ ಸ್ಟ್ಯಾಂಡು ಎಂಥದ್ದೆಂದರೆ, ಬೈಕಿನ ಭಾರ ಸ್ವಲ್ಪ ತಪ್ಪಿದರೂ ತಾನಾಗಿಯೇ ಮೇಲಕ್ಕೆ ಮಡಚಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಅದನ್ನು ನಂಬಿ ಇಳಿದು, ಒಂದು ಸಲ ಬೈಕನ್ನು ಮಗ್ಗುಲಿಗೆ ಬೀಳಿಸಿಕೊಂಡ ಮೇಲೆ ತಮ್ಮ ಇಳಿಯುವುದನ್ನೇ ಬಿಟ್ಟ. ನಿಂತ ಮೇಲೆ ನ್ಯೂಟ್ರಲ್ ಹುಡುಕಿದರೆ ಅದು ಸಿಗುತ್ತಲೂ ಇರಲಿಲ್ಲ. ಹಾರ್ನು ಬೆಕ್ಕಿನ ಮರಿಯ ಹಾಗೆ ಮಿಯಾಂವ್ ಎನ್ನುತ್ತಿತ್ತು, ಒಳಗಿದ್ದವರಿಗೆ ಕೇಳುತ್ತಿರಲಿಲ್ಲ. ಹೀಗಾಗಿ ಅವನು ಗೇರಿನಲ್ಲೇ, ಕ್ಲಚ್ಚು ಒತ್ತಿ ಹಿಡಿದು, ಎರಡು ಕಾಲನ್ನೂ ನೆಲಕ್ಕೆ ಊರಿ ಹೊರಗೆ ಕೂತಿರುವನು. ಗಲಗಲ ಸದ್ದು ಕೇಳಿದೊಡನೆ ನಾನು ದೇವರ ಮುಂದಿನಿಂದ ಎದ್ದು, ಬಾಯಲ್ಲಿ ಉಳಿದ ಪ್ರಾರ್ಥನೆಯನ್ನು ಮುಗಿಸುತ್ತಲೇ ಹೋಗಿ ಗೇಟು ತೆಗೆಯುವೆನು. ಅವನು ಒಂದು ದಿನವೂ ನನ್ನನ್ನು ಕೂಗಲಿಲ್ಲ. ನಾನು ಒಂದು ದಿನವೂ ಯಾರು ಎಂದು ಕೇಳಲಿಲ್ಲ.

ಅವನಿಗೆ ಕಾಯಿಲೆಯಾಗಿ ಆಸ್ಪತ್ರೆ ಸೇರಿದ ದಿನದಿಂದ ಬೈಕು ಮನೆಯ ಪಕ್ಕದ ಶೆಡ್ಡಿನಲ್ಲೇ ನಿಂತಿತು. ಅವನು ಹೋದ. ಬ್ಯಾಟರಿ ಸತ್ತಿತು, ಟಯರುಗಳು ಕೂತವು. ಸಂಜೆ ಪ್ರಾರ್ಥನೆ ಮಾಡುವಾಗ ಪಕ್ಕದ ಮನೆಯವರು ಪಾತ್ರೆ ತೊಳೆದು ಕವುಚಿದರೆ ಸಾಕು, ನಾನು ಅರ್ಧ ಎದ್ದು ನಿಂತಿರುತ್ತಿದ್ದೆ.

ಕೊನೆಗೆ ಒಂದು ದಿನ ತಮ್ಮನ ಗೆಳೆಯನಾದ ಮೆಕ್ಯಾನಿಕ್ಕನಿಗೆ ಹೇಳಿ ಕಳಿಸಿದೆ. ಅವನನ್ನು ಎಲ್ಲರೂ ಗಡಿಬಿಡಿ ಎಂದು ಕರೆಯುತ್ತಾರೆ. ಒಂದು ನಟ್ಟು ಬಿಚ್ಚಬೇಕಾದರೆ ಮೊದಲು ಅದನ್ನು ಒರೆಸಿ, ನೋಡಿ, ಟೀ ಕುಡಿದು, ಮತ್ತೊಮ್ಮೆ ನೋಡುವವನು. ಅದಕ್ಕೇ ಆ ಹೆಸರು. ಅವನು ಬಂದು ಶೆಡ್ಡಿನಲ್ಲಿ ಬೈಕಿನ ಸುತ್ತ ಸುತ್ತಿದ. ಟ್ಯಾಂಕಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಈಗಲೇ ಸ್ಟಾರ್ಟ್ ಮಾಡೋಕಾಗಲ್ವೇನಪ್ಪ?" ಎಂದೆ.

"ಅಯ್ಯೋ, ಬೇಡಿ ಅಣ್ಣಾ. ಒಳಗೆ ರಬ್ಬರ್ ಬೆಲ್ಟಿದೆ. ನಿಂತು ನಿಂತು ಬಿರುಕು ಬಿಟ್ಟಿರುತ್ತೆ. ಅದು ಕಿತ್ತು ಬಂತು ಅಂದ್ರೆ ವಾಲ್ವು ಪಿಸ್ಟನ್ನು ಎರಡೂ ಡಿಕ್ಕಿ ಹೊಡ್ಕೊಂಡು ಇಂಜಿನ್ನು ಗೋವಿಂದ. ತಗೊಂಡೋಗ್ತೀನಿ. ನಿಧಾನಕ್ಕೆ ಮಾಡ್ತೀನಿ."

"ನಿಧಾನ ಅಂತ ನೀನು ಬೇರೆ ಹೇಳ್ಬೇಕಾ" ಎಂದಳು ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು.

"ಅತ್ತಿಗೆ, ಸವತಿ ಮೇಲೆ ಅಷ್ಟು ಪ್ರೀತಿ ಇದ್ರೆ ನೀವೇ ಬಂದು ಪಾನಾ ಹಿಡೀರಿ."

ಅವಳು ನಕ್ಕಳು. ಅವಳು ನಕ್ಕದ್ದು ಕೇಳಿ ಬಹಳ ದಿನವಾಗಿತ್ತು. ಗಡಿಬಿಡಿ ನನ್ನ ಕಡೆ ತಿರುಗಿ, "ಹೇಳಿ ಅಣ್ಣಾ, ಹೇಗೆ ಆಗ್ಬೇಕು ನಿಮಗೆ?" ಎಂದು ಕೇಳಿದ.

"ಮೊದಲಿನ ಹಾಗೆ ಆಗ್ಬೇಕು" ಎಂದೆ. "ಸ್ವಲ್ಪವೂ ವ್ಯತ್ಯಾಸ ಇರಬಾರದು. ಮೊದಲಿನ ಹಾಗೇ."

ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, "ಮಾಡಿಕೊಡ್ತೀನಿ" ಎಂದ. ಶೆಡ್ಡಿನ ಗೋಡೆಗೆ ತಮ್ಮ ಬಡಿದಿದ್ದ ಹಲಗೆಯ ಮೇಲಿನ ಬಿಡಿಭಾಗಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಕೊಂಡು, ಬೈಕನ್ನು ಸಣ್ಣ ಲಾರಿಗೆ ಹತ್ತಿಸಿಕೊಂಡು ಹೋದ.

ಆಮೇಲೆ ಆಗಾಗ ಅವನ ಅಂಗಡಿಗೆ ಹೋಗಿ ಕೂರುವುದು ನನಗೆ ಅಭ್ಯಾಸವಾಯಿತು. ಉದ್ದನೆಯ ಕೋಣೆ, ಮೇಲೆ ತಗಡು, ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ಮಧ್ಯದಲ್ಲಿ ಸವತಿ ಬಟ್ಟೆಬರೆ ಕಳಚಿ ನಿಂತಿದ್ದಳು. ಕಾರ್ಬ್ಯುರೇಟರುಗಳು ಸೀಮೆಎಣ್ಣೆಯ ತಟ್ಟೆಯಲ್ಲಿದ್ದವು. ತಮ್ಮ ಜೋಡಿಸಿದ್ದ ಒಂದೊಂದನ್ನೂ ಬಿಚ್ಚುವಾಗ ಗಡಿಬಿಡಿ ಅವನನ್ನು ಬೈಯುವನು. "ನೋಡಿ ಅಣ್ಣಾ, ಈ ವೈರು! ದನ ಕಟ್ಟೋ ಹಾಗೆ ಕಟ್ಟಿದಾನೆ. ಬದುಕಿದ್ದಿದ್ರೆ ಕಿವಿ ಹಿಂಡ್ತಿದ್ದೆ." ಹೀಗೆ ಬೈದು, ಆ ವೈರನ್ನು ಕತ್ತರಿಸದೆ, ಗಂಟನ್ನು ಉಗುರಿನಿಂದ ಬಿಡಿಸುತ್ತ ಕೂರುವನು. ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಮನಸ್ಸಿನಲ್ಲೇ ನಾಮಸ್ಮರಣೆ ಮಾಡುತ್ತಿದ್ದೆ. ಅದರ ನಡುನಡುವೆ ಆ ಗಲಗಲ ಸದ್ದನ್ನು ನೆನೆಯುತ್ತಿದ್ದೆ. ಎರಡರಲ್ಲಿ ಯಾವುದು ಹೆಚ್ಚಾಗಿತ್ತು ಎಂದು ಕೇಳಿದರೆ ಹೇಳಲಾರೆ.

ಬೈಕು ತರುತ್ತೇನೆ ಎಂದು ಅವನು ಹೇಳಿದ ದಿನ ನಾನು ಬೇಗ ಸ್ನಾನ ಮಾಡಿ, ಎಂದಿನ ಜಾಗದಲ್ಲಿ ಕೂತೆ. ತಮ್ಮನ ಹೆಂಡತಿ ಕೆಲಸದಿಂದ ಬಂದವಳು ಬಟ್ಟೆಯನ್ನೂ ಬದಲಿಸದೆ ಕಿಟಕಿಯ ಪಕ್ಕದಲ್ಲಿ ಕೂತಳು. ಸಂಜೆಯಾಯಿತು. ಬೀದಿಯಲ್ಲಿ ಏನೇನೋ ಗಾಡಿಗಳು ಹೋದವು, ಬಂದವು. ನನ್ನ ಪ್ರಾರ್ಥನೆ ಮುಗಿದು, ಮತ್ತೆ ಮೊದಲಿನಿಂದ ಹೇಳಲು ತೊಡಗಿದ್ದೆ. ಆಗ ಯಾರೋ ತಗಡಿನ ಗೇಟನ್ನು ದಬದಬ ಬಡಿದರು.

ಹೋಗಿ ತೆಗೆದೆ. ಗಡಿಬಿಡಿ ಬೈಕಿನ ಮೇಲೆ ಕೂತು, ಮುಂಚಕ್ರವನ್ನು ಗೇಟಿಗೆ ತಾಗಿಸಿ, ಒಂದು ಕಾಲಿನಿಂದ ತಗಡನ್ನು ಒದೆಯುತ್ತಿದ್ದ. ಮುಖ ಬೆವೆತಿತ್ತು.

"ಏನಣ್ಣಾ ನೀವು! ಆಗ್ಲಿಂದ ಕ್ಲಚ್ಚು ಹಿಡ್ಕೊಂಡು ನಿಂತಿದೀನಿ. ಮಲಗ್ಬಿಟ್ರಾ?"

ಬೈಕು ಅವನ ಕೆಳಗೆ ಗುಡುಗುಡು ಎನ್ನುತ್ತಿತ್ತು. ಹೊಸ ಕೆಂಪು ಬಣ್ಣದಲ್ಲಿ ಮೊದಲ ದಿನದ ಮದುಮಗಳ ಹಾಗಿತ್ತು. ಕ್ಲಚ್ಚು ಅವನ ಕೈಯಲ್ಲಿ ಒತ್ತಿಕೊಂಡೇ ಇತ್ತು. ಗಲಗಲ ಇರಲಿಲ್ಲ.

"ಸದ್ದೆಲ್ಲಿ?" ಎಂದೆ.

"ಯಾವ ಸದ್ದು?"

"ಅದೇ, ಗಲಗಲ."

ಅವನ ಮುಖ ಅರಳಿತು. "ಹೋಯ್ತು! ಹೊಸ ಪ್ಲೇಟು, ಅದನ್ನ ಹಿಡ್ಕೊಳ್ಳೋ ಬಟ್ಟಲೂ ಹೊಸದು. ಅವನು ಕಿಟಕಿ ಕಿಟಕಿಯಾಗಿ ಕೊರೆದಿದ್ದ ಕ್ಲಚ್ ಮುಚ್ಚಳ ತೆಗೆದು ಅಸಲಿ ಮುಚ್ಚಳ ಹಾಕಿದೀನಿ. ಇಟಲಿಯಿಂದ ಬಂದಾಗ ಹೇಗಿತ್ತೋ ಹಾಗೆ. ಮೊದಲಿನ ಹಾಗೆ ಅಂದ್ರಲ್ಲ?"

ನಾನು ಹೇಳಿದ 'ಮೊದಲು' ಕಳೆದ ವರ್ಷದ್ದು. ಅವನ 'ಮೊದಲು' ಆ ಬೈಕು ಹುಟ್ಟಿದ ದಿನದ್ದು. ಎರಡಕ್ಕೂ ನಮ್ಮ ಬಾಯಲ್ಲಿ ಒಂದೇ ಮಾತು. ನಾನು ಗೇಟನ್ನು ಹಿಡಿದುಕೊಂಡು ಹಾಗೆಯೇ ನಿಂತೆ. ಅವನು ನನ್ನ ಮುಖ ನೋಡಿದ, ಹಿಂದೆ ಬಂದು ನಿಂತಿದ್ದ ತಮ್ಮನ ಹೆಂಡತಿಯ ಮುಖ ನೋಡಿದ, ಬೈಕನ್ನು ಒಳಗೆ ತಂದು ಇಂಜಿನ್ನು ಆರಿಸಿದ.

"ಆ ಸದ್ದು ಬೇಕಿತ್ತಾ ನಿಮಗೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದ. "ಹೇಳ್ಬಾರ್ದಿತ್ತಾ ಅಣ್ಣಾ? ಸದ್ದು ಹೋಗ್ಲಿ ಅಂತ ಜನ ಬರ್ತಾರೆ. ಬರ್ಲಿ ಅಂತ ಯಾರೂ ಬಂದಿಲ್ಲ ಇದುವರೆಗೆ."

"ನಿನ್ನ ತಪ್ಪಲ್ಲಪ್ಪ."

"ಹಳೇ ಪ್ಲೇಟು ಚೀಲದಲ್ಲೇ ಇದೆ. ಮತ್ತೆ ಹಾಕ್ತೀನಿ. ಓಡ್ಸೋಕೆ ಆಗಲ್ಲ, ಹಲ್ಲೆಲ್ಲ ತಿಂದ್ಹೋಗಿವೆ. ಆದ್ರೆ ನಿಂತಲ್ಲೇ ಕೇಳೋಕೆ ಆಗುತ್ತೆ. ಈ ಹೊಸದೂ ನಾನು ತಂದಿದ್ದಲ್ಲ. ಅವನ ಹಲಗೆ ಮೇಲೇ ಇತ್ತು, ಎಣ್ಣೆ ಕಾಗದದಲ್ಲಿ ಸುತ್ತಿ."

"ಅದು ಅವರೇ ತರಿಸಿದ್ದು ಭಾವ" ಎಂದಳು ತಮ್ಮನ ಹೆಂಡತಿ. "ಆಸ್ಪತ್ರೇಲಿದ್ದಾಗ ಬಂತು. ಮನೆಗೆ ಬಂದ ಮೇಲೆ ಮೊದಲ ಕೆಲಸ ಇದೇ, ಪ್ಲೇಟು ಹಾಕ್ಬೇಕು ಅಂತಿದ್ರು."

ಇದು ನನಗೆ ಗೊತ್ತಿರಲಿಲ್ಲ. ಅವನು ವಾಸಿಯಾಗಿ ಬಂದಿದ್ದರೂ ಆ ಹಳೆಯ ಗಲಗಲ ಸದ್ದು ನನಗೆ ಮತ್ತೆ ಕೇಳುತ್ತಿರಲಿಲ್ಲ. ಬೇರೊಂದು ಸದ್ದಿನೊಂದಿಗೆ ಬಂದು ಅವನು ಗೇಟಿನ ಮುಂದೆ ನಿಲ್ಲುತ್ತಿದ್ದ. ಮೊದಲ ಒಂದೆರಡು ದಿನ ನನಗೆ ಗೊತ್ತಾಗದೆ ಅವನೂ ಹೀಗೆಯೇ ಕಾಲಿನಿಂದ ತಗಡು ಒದೆಯುತ್ತಿದ್ದನೇನೋ. ಆಮೇಲೆ ಅದೂ ನನ್ನ ಕಿವಿಗೆ ಕೂರುತ್ತಿತ್ತು. ಹಾಕು, ಹಳೆಯದನ್ನೇ ಹಾಕು ಎಂಬ ಮಾತು ನಾಲಗೆಯ ತುದಿಯಲ್ಲಿತ್ತು. ಆದರೆ ಬಾಯಿಂದ ಬಂದ ಪ್ರಶ್ನೆ ಬೇರೆ.

"ಆ ಅಸಲಿ ಮುಚ್ಚಳ ಹಾಕ್ತಿದ್ನಾ ಅವನು?"

"ಅವನಾ?" ಗಡಿಬಿಡಿ ನಕ್ಕ. "ತಾನು ಕೊರೆದಿದ್ದನ್ನ ಬಿಟ್ಟಾನೆಯೇ! ಪ್ಲೇಟು ಹೊಸದು ಹಾಕಿ, ಮೇಲೆ ತನ್ನ ಕಿಟಕಿ ಮುಚ್ಚಳಾನೇ ಕೂರಿಸ್ತಿದ್ದ."

"ಹಾಗೇ ಮಾಡಿಕೊಡು. ಅವನು ಹೇಗೆ ಮಾಡ್ತಿದ್ನೋ ಹಾಗೆ."

ಗಡಿಬಿಡಿ ಹಾಗೇಕೆ, ಹೀಗೇಕೆ ಎಂದು ಕೇಳಲಿಲ್ಲ. ಅಂಗಡಿಗೆ ಹೋಗಿ ಚೀಲವನ್ನು ತಂದು, ಅಂಗಳದಲ್ಲೇ ಕೂತು ಮುಚ್ಚಳವನ್ನು ಬದಲಿಸಿದ. ತಮ್ಮನ ಹೆಂಡತಿ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಕೊಟ್ಟಳು. ಆಮೇಲೆ ಅವನು ಬೈಕನ್ನು ಹೊರಗೆ ತಳ್ಳಿದ. "ಒಂದು ಸುತ್ತು ಹೋಗಿ ಬಾ" ಎಂದು ಹೇಳಿ ನಾನು ಅಗುಳಿ ಹಾಕಿದೆ.

ಒಳಗೆ ಹೋಗಿ ಕೂರಲು ಆಗಲಿಲ್ಲ. ಗೇಟಿನ ಹತ್ತಿರವೇ ನಿಂತೆವು, ನಾನೂ ಅವಳೂ. ಬೈಕು ಬೀದಿಯ ಕೊನೆಯಲ್ಲಿ ತಿರುಗಿ ಹತ್ತಿರ ಬಂತು, ಇಳಿಜಾರು ಹತ್ತಿತು, ನಿಂತಿತು. ಗುಡುಗುಡು ಇಂಜಿನ್ನಿನ ನಡುವೆ ಸಣ್ಣಗೆ, ಹೊಸ ಬಳೆಗಳನ್ನು ಯಾರೋ ಒಳಗೋಣೆಯಲ್ಲಿ ತೊಡುತ್ತಿರುವಂತೆ, ಒಂದು ಕಿಣಿಕಿಣಿ. ನಾನು ಹಿಂದೆಂದೂ ಕೇಳದ ಸದ್ದು. ನಮಗೆ ಸಿಗದೆ ಹೋದ ದಿನಗಳಲ್ಲಿ ನನ್ನ ತಮ್ಮ ಇದೇ ಸದ್ದಿನೊಂದಿಗೆ ಮನೆಗೆ ಬರಬೇಕಿತ್ತು. ತಗಡಿನ ಆಚೆಗೆ ಏನೂ ಕಾಣುತ್ತಿರಲಿಲ್ಲ. ನಾನು ಅಗುಳಿಯ ಮೇಲೆ ಕೈಯಿಟ್ಟೆ.

"ಸ್ವಲ್ಪ ತಡೀರಿ ಭಾವ" ಎಂದಳು ಅವಳು. "ಈಗಲೇ ತೆಗೀಬೇಡಿ."

"ಅಣ್ಣಾ!" ಎಂದು ಹೊರಗಿನಿಂದ ಗಡಿಬಿಡಿ ಕೂಗಿದ. "ಬೇಗ ತೆಗೀರಿ, ಕೈ ಬಿದ್ದುಹೋಗ್ತಿದೆ!"

ನಾವಿಬ್ಬರೂ ಅಗುಳಿ ತೆಗೆಯದೆ ಆ ಕಿಣಿಕಿಣಿಯನ್ನು ಕೇಳುತ್ತ ನಿಂತೆವು.