ಗೋಡೆ ದಾಟಿದ ಬಲೆ

ಅಣ್ಣತಮ್ಮಂದಿರು ಪಾಲಾಗಿ ಕೊಟ್ಟಿಗೆಗೆ ಅಡ್ಡಗೋಡೆ ಎದ್ದು ಎರಡು ವರ್ಷವಾಗಿದ್ದರೂ ಮುನಿರತ್ನಮ್ಮನ ಕಣ್ಣು ಮಾತ್ರ ಆ ಕಡೆಯೇ ಇತ್ತು. ಆ ಕಡೆ ಕಿರಿಯ ಓರಗಿತ್ತಿ ವೆಂಕಟರತ್ನಮ್ಮನ ಹಸು. ಎರಡೂ ಮನೆಯ ಹಾಲು ಕೋರಮಂಡಲ್ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಗಳಿಗೆ ಒಂದೇ ಸೈಕಲ್ಲಿನಲ್ಲಿ ಹೋಗುತ್ತಿತ್ತು. ಅವಳ ಕ್ಯಾನು ತುಂಬಿರುತ್ತಿತ್ತು, ಇವಳದು ಅರೆಖಾಲಿಯಾಗಿ ದಾರಿಯುದ್ದಕ್ಕೂ ಕುಲುಕುತ್ತಿತ್ತು.

ಅತ್ತೆ ಅಮ್ಮಾಜಮ್ಮ ತನ್ನ ಪಾಲಿಗೆ ಉಳಿಸಿಕೊಂಡಿದ್ದ ಕೆಂಪು ಕಡಸನ್ನು ಇಬ್ಬರಲ್ಲಿ ಒಬ್ಬ ಸೊಸೆಗೆ ಕೊಡುವವಳಿದ್ದಳು.

“ಯಾರ ಅಸ ಕಾಲು ಕಟ್ದೆ ಆಲು ಕೊಡ್ತದೋ ಅವ್ಳಿಗೆ ಕಡಸು. ಗೌರಿ ಅಬ್ಬದ ದಿನ ಬಂದು ನೋಡ್ತೀನಿ,” ಎಂದಿದ್ದಳು.

ಆ ಮಳೆಗಾಲ ನೊಣದ ಕಾಟ. ವೆಂಕಟರತ್ನಮ್ಮ ತನ್ನ ತವರಿನಲ್ಲಿ ಮಾಡುವಂತೆ ಬೇಲಿಯಿಂದ ಜಾಲಿ ಕೊಂಬೆಯೊಂದನ್ನು ಕಡಿದು ತಂದು ಸೂರಿಗೆ ಕಟ್ಟಿದಳು. ಕೊಂಬೆಯಲ್ಲಿ ಜೇಡರ ಗೂಡು. ನೂರಾರು ಬೂದು ಜೇಡಗಳು ಒಂದೇ ಗೂಡಿನಲ್ಲಿ ಬಾಳುವ ಜಾತಿ ಅದು. ಕೆಲವೇ ದಿನಗಳಲ್ಲಿ ಸೂರಿನಡಿ ಹಳೇ ಸೀರೆ ಹರವಿದಂತೆ ಬಲೆ ಹಬ್ಬಿತು. ನೊಣ ಬಿದ್ದರೆ ಸಾಕು, ಗುಂಪೇ ಓಡಿಬಂದು ಎಳೆದೊಯ್ಯುತ್ತಿತ್ತು. ಹಸು ಒದೆಯುವುದನ್ನು ಬಿಟ್ಟಿತು.

“ಜೇಡ ಸಾಕ್ಕೊಂಡವ್ಳೆ, ನಾಳೆ ಚೇಳೂ ಸಾಕ್ತಾಳೆ,” ಎಂದು ಮುನಿರತ್ನಮ್ಮ ನಲ್ಲಿಯ ಹತ್ತಿರ ಆಡಿಕೊಂಡಳು.

“ಅಕ್ಕಾ, ನಿಂಗೂ ಒಂದು ಕೊಂಬೆ ತರ್ಲಾ?” ವೆಂಕಟರತ್ನಮ್ಮ ಕೇಳಿದಳು.

“ನಿನ್ನ ಎಂಜಲು ನಂಗ್ಯಾಕಮ್ಮಿ?”

ಅಡ್ಡಗೋಡೆ ಸೂರನ್ನು ಮುಟ್ಟುತ್ತಿರಲಿಲ್ಲ. ಹಬ್ಬದ ಹಿಂದಿನ ಸಂಜೆ ಮುನಿರತ್ನಮ್ಮ ತಲೆಯೆತ್ತಿ ನೋಡಿದಾಗ ಬಲೆ ಗೋಡೆ ದಾಟಿ ತನ್ನ ಹಸುವಿನ ಮೇಲೂ ಹರಡಿತ್ತು. ಇಲ್ಲಿ ಬಿದ್ದ ನೊಣವನ್ನು ಜೇಡಗಳು ಗೋಡೆಯ ಮೇಲಿಂದ ಆ ಕಡೆಯ ಗೂಡಿಗೆ ಹೊರುತ್ತಿದ್ದವು. ಅವಳ ಹೊಟ್ಟೆ ಉರಿಯಿತು. ನನ್ನ ಕೊಟ್ಟಿಗೆಯ ನೊಣವೂ ಅವಳ ಪಾಲಿಗೇ? ಪೊರಕೆ ತಂದು, ಕೈ ಎಟುಕುವಷ್ಟೂ ಗುಡಿಸಿ, ಸುತ್ತಿ, ತಿಪ್ಪೆಗೆಸೆದಳು. ಹಸುವಿನ ಕಾಲು ಕಟ್ಟುವ ಹಗ್ಗ ಕೆಲವು ದಿನಗಳಿಂದ ಬೇಕಾಗದೆ ಗೂಟದಲ್ಲೇ ಧೂಳು ಹಿಡಿದದ್ದು ಅವಳಿಗೆ ಕಾಣಲಿಲ್ಲ.

ಬೆಳಿಗ್ಗೆ ಅತ್ತೆ ಬಂದು ನಿಂತಳು. ಹಸುವಿನ ಕೆಚ್ಚಲಿಗೆ ನೊಣ ಮುತ್ತಿತ್ತು. ಮುನಿರತ್ನಮ್ಮ ಕೈ ಹಾಕಿದ್ದೇ ತಡ, ಒಂದು ಒದೆ. ಚೊಂಬು ಗೋಡೆಗೆ ಬಡಿಯಿತು. ಅವಳು ಹಗ್ಗ ತರಲು ಎದ್ದಳು.

“ಬ್ಯಾಡ ಬಿಡು,” ಎಂದಳು ಅಮ್ಮಾಜಮ್ಮ. “ಮೊನ್ನೆ ಕಿಂಡೀಲಿ ನೋಡ್ದಾಗ ಕಲ್ಲಿನಂಗೆ ನಿಂತಿತ್ತಲ್ಲಮ್ಮಿ ಇದು? ಎರಡೂ ಒಂದೇ ಆದ್ರೆ ಇರೀ ಸೊಸೆ ಅಂತ ನಿಂಗೇ ಕೊಡಾಣ ಅಂದ್ಕೊಂಡಿದ್ದೆ.”

ಮುನಿರತ್ನಮ್ಮ ಮೇಲೆ ನೋಡಿದಳು. ಸೂರು ಸ್ವಚ್ಛವಾಗಿತ್ತು.

ಮಧ್ಯಾಹ್ನಕ್ಕೆ ಕಡಸು ಆ ಕಡೆ ಹೋಯಿತು. ಸಂಜೆ ಹೊತ್ತಿಗೆ ಜೇಡಗಳು ಮತ್ತೆ ಗೋಡೆಯ ಮೇಲೆ ಎಳೆ ಹಾಕುತ್ತಿದ್ದವು. ಹಾಗೇ ಬಿಟ್ಟರೆ ತನ್ನ ಹಸುವಿಗೇ ಒಳ್ಳೆಯದೆಂದು ಈಗ ಅವಳಿಗೆ ಗೊತ್ತಿತ್ತು. ಆ ಕಡೆಯಿಂದ ಕಡಸು ಹುಲ್ಲು ಮೇಯುವ ಸದ್ದು ಕೇಳಿಸಿತು.

ಅವಳು ಪೊರಕೆಗೆ ಕೈ ಹಾಕಿದಳು.