ಹಸಿರು ನೀರಿಗೆ ಯಾವ ಕಾಗದ

ಅಪ್ಪ ಮೂವತ್ತು ವರ್ಷ ಚಿನ್ನ ಶುದ್ಧಿ ಮಾಡುವ ಕಾರ್ಖಾನೆಯಲ್ಲಿ ದುಡಿದವರು. ಅಮ್ಮ ತೀರಿಕೊಂಡ ಮೇಲೆ ಅವಳ ದಪ್ಪ ಸರವನ್ನು ಅಂಗಡಿಯಲ್ಲಿ ತುಂಡು ಮಾಡಿಸಿ ಹಂಚಿಕೊಳ್ಳೋಣ ಎಂದು ಅಕ್ಕ ಹೇಳಿದಾಗ, ಅಪ್ಪ ಒಪ್ಪಲಿಲ್ಲ. ಮನೆಯಲ್ಲೇ ಆಸಿಡ್ಡಿನಲ್ಲಿ ಕರಗಿಸಿ, ಶುದ್ಧಿ ಮಾಡಿ, ಇಬ್ಬರಿಗೂ ಸಮನಾಗಿ ಕೊಡುತ್ತೇನೆ ಎಂದರು. ಹೋದ ವಾರ ಕೆಲಸ ಮುಗಿದಾಗ ಮೂಸೆಯಲ್ಲಿ ಉಳಿದ ಚಿನ್ನದ ಗುಂಡು ಇರಬೇಕಾದ್ದರ ಅರ್ಧವೂ ಇರಲಿಲ್ಲ.

"ಸೋಸೋವಾಗ ಎಡವಟ್ಟಾಯ್ತು. ಬಟ್ಟೆ ಕಟ್ಟಿದ್ದೆ, ಚಿನ್ನದ ಪುಡಿ ನುಸುಳಿ ಬಕೆಟ್ ಸೇರಿದೆ," ಎಂದರು ಅಪ್ಪ.

ಅಕ್ಕನಿಗೆ ಫೋನ್ ಮಾಡಿ ತಿಳಿಸಿದೆವು. "ಆ ಮನೇಲಿ ಇರೋದು ನೀವಿಬ್ಬರೇ ಅಲ್ವಾ," ಎಂದಳು. ಅಷ್ಟೇ. ಆ ಮಾತನ್ನು ಹೊತ್ತುಕೊಂಡೇ ವಾರವಿಡೀ ಓಡಾಡಿದೆ.

ಇವತ್ತು ನಾಲ್ಕಕ್ಕೆ ಅವಳು ಬರುತ್ತಾಳೆ. ಅಷ್ಟರಲ್ಲಿ ನೀರನ್ನೆಲ್ಲ ಮತ್ತೆ ಸೋಸಿ, ಕಳೆದ ಚಿನ್ನವನ್ನು ಅವಳ ಕಣ್ಣೆದುರು ಇಡಬೇಕು. ಬೆಳಗ್ಗೆಯಿಂದ ತಾರಸಿಯಲ್ಲಿದ್ದೇನೆ. ಗಾಢ ಹಸಿರು ನೀರಿನ ಎರಡು ಬಕೆಟ್, ಒಂದು ಗಾಜಿನ ಲಾಳಿಕೆ, ಅಪ್ಪನ ಹಳೇ ಪೆಟ್ಟಿಗೆ. ಅಜ್ಜಿಯ ಕತೆಯಲ್ಲಿ ಮಲತಾಯಿ ಎಳ್ಳು ಸಾಸಿವೆ ಬೆರೆಸಿ, ಸಂಜೆಯೊಳಗೆ ಬೇರೆ ಮಾಡು ಎಂದು ಹೇಳಿ ಹೋಗುತ್ತಿದ್ದಳು. ಇರುವೆಗಳು ಸಾಲಾಗಿ ಬಂದು ಹುಡುಗಿಗೆ ನೆರವಾಗುತ್ತಿದ್ದವು. ನಮ್ಮ ತಾರಸಿಯಲ್ಲಿ ಇರುವೆಗಳಿದ್ದವು, ಆದರೆ ಅವು ನನ್ನ ಟೀ ಲೋಟದ ಕಡೆ ಹೊರಟಿದ್ದವು.

ಪೆಟ್ಟಿಗೆಯಲ್ಲಿದ್ದ ಸೋಸುವ ಸಾಮಾನು ಒಂದೊಂದನ್ನೂ ಮೊದಲು ಮೈದಾಹಿಟ್ಟು ಕಲಸಿದ ನೀರು ಸುರಿದು ಪರೀಕ್ಷಿಸಿದೆ. ಗಾಜಿನ ಉಣ್ಣೆ ಪ್ರಬಲ ಆಸಿಡ್ಡಿಗೂ ಜಗ್ಗುವುದಿಲ್ಲ, ಆದರೆ ಕಸವನ್ನಷ್ಟೇ ಹಿಡಿಯುತ್ತದೆ, ಹಿಟ್ಟನ್ನು ಬಿಟ್ಟುಬಿಡುತ್ತದೆ. ಕಾಫಿ ಸೋಸುವ ಕಾಗದ ತಳದಲ್ಲೇ ಹರಿದುಹೋಯಿತು. ಕೊನೆಗೆ ಉಳಿದದ್ದು ಕಾರ್ಖಾನೆಯ ಫಿಲ್ಟರ್ ಪೇಪರ್: ಬೇಗ ಇಳಿಸುವುದು, ಮಧ್ಯದ್ದು, ನಿಧಾನದ್ದು. ನಿಧಾನದ್ದರಿಂದ ಇಳಿದ ನೀರು ತಿಳಿಯಾಗಿತ್ತು. ಅದನ್ನೇ ಮಡಚಿ, ಒದ್ದೆ ಮಾಡಿ, ಲಾಳಿಕೆಗೆ ಅಂಟಿಸಿದೆ.

"ಅದು ಬೇಡ. ಬೇಗ ಇಳಿಯೋದು ಹಾಕು," ಎಂದರು ಅಪ್ಪ, ಗೋಡೆಗೆ ಒರಗಿ ಕುಳಿತಲ್ಲಿಂದ. "ಇದು ನಿನ್ನ ಮದುವೆವರೆಗೂ ತೊಟ್ಟಿಕ್ಕುತ್ತೆ."

"ಪುಡಿ ಸಣ್ಣದಿದ್ರೆ ಪೇಪರೂ ಸಣ್ಣದಿರಬೇಕು ಅಂತ ಹೇಳಿಕೊಟ್ಟೋರು ನೀವೇ."

ಅವರು ಮುಖ ತಿರುಗಿಸಿದರು.

ಹನಿ ಹನಿಯಾಗಿ ಮೊದಲ ಬಕೆಟ್ ಮುಗಿಯುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಕಾಗದ ಬಿಡಿಸಿ ನೋಡಿದೆ. ತೆಳ್ಳನೆಯ ಹಸಿರು ಕಲೆ, ಒಂದಿಷ್ಟು ಧೂಳು. ಚಿನ್ನದ ಪುಡಿ ಒದ್ದೆಮಣ್ಣಿನ ಕಂದು ಬಣ್ಣಕ್ಕಿರುತ್ತದೆ. ಆ ಕಂದು ಒಂದು ಚುಕ್ಕೆಯೂ ಇರಲಿಲ್ಲ.

"ಅಪ್ಪಾ, ಇದರಲ್ಲಿ ಏನೂ ಇಲ್ಲ."

"ಇರಲ್ಲ."

ಆಗ ಹೊಳೆಯಿತು. ಆಸಿಡ್ ಬಟ್ಟೆಯನ್ನು ತಿನ್ನುತ್ತದೆ ಎನ್ನುವುದು ಅವರು ನನಗೆ ಕಲಿಸಿದ ಮೊದಲ ಪಾಠ. ಮೂವತ್ತು ವರ್ಷದ ಕೈ ಬಟ್ಟೆ ಕಟ್ಟುವುದೆಂದರೇನು?

"ಸರದ ಒಳಗೆಲ್ಲ ತಾಮ್ರ, ಈ ಹಸಿರು ಅದರದ್ದೇ," ಎಂದರು ಅಪ್ಪ. "ನಿನ್ನ ಕಾಲೇಜಿನ ಎರಡನೇ ವರ್ಷ ನಿಮ್ಮಮ್ಮ ಹಳೇದನ್ನ ಕೊಟ್ಟು ನಿನ್ನ ಫೀಸು ಕಟ್ಟಿದ್ಲು. ಅದೇ ತರಹದ್ದು ಇನ್ನೊಂದು ಮಾಡಿಸ್ಕೊಂಡ್ಲು. ಯಾರಿಗೂ ಹೇಳಬೇಡಿ ಅಂದ್ಲು. ಅಂಗಡಿಯೋನು ಕತ್ತರಿ ಇಟ್ಟಿದ್ರೆ ಗೊತ್ತಾಗ್ತಿತ್ತು."

"ಅಕ್ಕ ಓದ್ತೀನಿ ಅಂದಾಗ..."

"ದುಡ್ಡಿಲ್ಲ ಅಂದಿದ್ವಿ. ಆಗ ಆ ಚಿನ್ನದ ಸರ ನಿಮ್ಮಮ್ಮನ ಕತ್ತಲ್ಲೇ ಇತ್ತು." ಅಪ್ಪ ಕಣ್ಣುಜ್ಜಿಕೊಂಡರು. "ನಿಮ್ಮಕ್ಕ ಅಮ್ಮನ್ನ ಬೈದುಕೊಳ್ಳೋ ಬದಲು ನನ್ನ ಕೈ ಕೆಟ್ಟಿದೆ ಅಂದುಕೊಳ್ಳಲಿ ಅಂತ..."

ಕೆಳಗೆ ಬಾಗಿಲು ಸದ್ದಾಯಿತು. ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

"ಏನು, ಮಂತ್ರವಾದಿಗಳ ಪೂಜೆ ಇನ್ನೂ ಮುಗಿದಿಲ್ವಾ? ಸಿಕ್ತಾ?"

ಅಪ್ಪ ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿದೆ: "ಇಲ್ಲ ಅಕ್ಕ. ಬಟ್ಟೆ ಕಟ್ಟಿದ್ದು ನಾನು. ಅಪ್ಪ ಬೇಡ ಅಂದ್ರೂ ಕೇಳಲಿಲ್ಲ. ತೊಳೆದ ನೀರು ಅರ್ಧ ಮೋರಿ ಸೇರಿತು. ಉಳಿದ ಗುಂಡು ಪೂರ್ತಿ ನೀನೇ ಇಟ್ಕೋ."

ಅಕ್ಕ ನನ್ನನ್ನೂ ಅಪ್ಪನನ್ನೂ ನೋಡಿದಳು. ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕು; ಅದು ಅವಳಲ್ಲಿ ಇರಲಿಲ್ಲವೇನೋ.

"ನಿನ್ನ ಕೈಗೆ ಕೆಲಸ ಕೊಟ್ಟೋರಿಗೆ ಹೇಳಬೇಕು," ಎಂದಳು. "ಮೊದಲೇ ಹೇಳಿದ್ರೆ ಆಗ್ತಿತ್ತು. ನಾನು ಏನೇನೋ ಅಂದುಕೊಂಡೆ." ಆಮೇಲೆ ಬಕೆಟ್ ಕಡೆ ಕೈ ತೋರಿದಳು. "ಇನ್ನೊಂದಿದೆಯಲ್ಲ. ಅದನ್ನೂ ಸೋಸು. ಕೂತಿರ್ತೀನಿ."

ನಾನು ಅಪ್ಪನ ಮುಖ ನೋಡಿದೆ. "ಯಾವ ಪೇಪರ್ ಹಾಕ್ಲಿ?"

"ನಿಧಾನದ್ದೇ ಹಾಕು," ಎಂದರು ಅಪ್ಪ.

ಅಕ್ಕ ಚಪ್ಪಲಿ ಬಿಟ್ಟು ಅವರ ಪಕ್ಕ ಕುಳಿತಳು. "ಸ್ವಲ್ಪ ಸರ್ಕೊಳ್ಳಿ. ಬಸ್ಸಲ್ಲಿ ಪೂರ್ತಿ ನಿಂತೇ ಬಂದೆ," ಎಂದು ಹಿಮ್ಮಡಿ ಒತ್ತಿಕೊಳ್ಳತೊಡಗಿದಳು. ನಾನು ಹೊಸ ಕಾಗದ ಮಡಚಿದೆ.