ಉಫ್ಫಮ್ಮನ ಕಂತು

ನಮ್ಮ ಚಿಕ್ಕಪ್ಪನ ಮಗ ಜಗನ್‌ಗೆ ಸತ್ತುಹೋದ ಟೀವಿ ಕಾರ್ಯಕ್ರಮಗಳ ತಿಥಿ ಮಾಡುವ ಹುಚ್ಚು. ಹಳೆಯ ಜಾಹೀರಾತು, ಹಳೆಯ ಧಾರಾವಾಹಿ, ನಡುನಡುವೆ ಬರುತ್ತಿದ್ದ ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ, ಯಾವುದನ್ನೂ ಬಿಡದೆ ಯೂಟ್ಯೂಬಿನಲ್ಲಿ ವಿಡಿಯೊ ಮಾಡುತ್ತಾನೆ. ಹುಟ್ಟಿದ್ದು ತೊಂಬತ್ತೇಳರಲ್ಲಿ. ತಾನು ಮಾತಾಡುವ ಕಾರ್ಯಕ್ರಮಗಳಲ್ಲಿ ಮುಕ್ಕಾಲು ಪಾಲನ್ನು ಅವನು ನೋಡಿಯೇ ಇಲ್ಲ. ಅಳಿದೂರಿಗೆ ಉಳಿದವನೇ ಗೌಡ ಅಂತಾರಲ್ಲ, ಹಾಗೆ.

ಕಳೆದ ಆಗಸ್ಟಿನಲ್ಲಿ ಅವನ ಫೋನು ಬಂದಾಗ ನಾನು ಚಿಂತಾಮಣಿಯ ಶಾಲೆಯಲ್ಲಿ ಹತ್ತನೇ ತರಗತಿಯ ಜೀವಶಾಸ್ತ್ರದ ಪೇಪರು ತಿದ್ದುತ್ತಿದ್ದೆ.

“ಅಕ್ಕ, ‘ಮುಚ್ಚಿದ ಕದ’ ಅಂತ ಒಂದು ದೆವ್ವದ ಸೀರಿಯಲ್ ಬರ್ತಿತ್ತಲ್ಲ, ವಾರಕ್ಕೊಂದು ಬೇರೆ ಕತೆ. ಅದರ ಮೇಲೆ ವಿಡಿಯೊ ಮಾಡ್ತಿದೀನಿ. ಒಂದು ಟೇಪೂ ಉಳಿದಿಲ್ಲ ಕಣಕ್ಕ, ಜನದ ನೆನಪಲ್ಲಿ ಎಷ್ಟಿದೆಯೋ ಅಷ್ಟೇ. ಉಫ್ಫಮ್ಮನ ಕಂತಂತೂ ಎಲ್ರಿಗೂ ನೆನಪಿದೆ. ಅದಕ್ಕೇ ದೊಡ್ಡಮ್ಮನ ಒಂದು ಇಂಟರ್‌ವ್ಯೂ ಬೇಕಿತ್ತು. ನಮ್ಮೂರಿನ ನಿಜವಾದ ಉಫ್ಫಮ್ಮ ಅಂತ ಹಾಕಿದ್ರೆ ಸಖತ್ತಾಗಿ ಓಡುತ್ತೆ.”

ಅವನ ದೊಡ್ಡಮ್ಮ ಅಂದರೆ ನನ್ನ ಅಮ್ಮ, ಅನಸೂಯಮ್ಮ. ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಯಾವುದೋ ಮಗುವಿನ ಉತ್ತರದ ಮೇಲೆ ಉದ್ದಕ್ಕೂ ಗೀಟೆಳೆಯಿತು.

“ಹಾಕು ನೋಡೋಣ,” ಅಂದೆ. “ಹಾಕಿದ ದಿನವೇ ಬಂದು ನಿನ್ನ ಕ್ಯಾಮೆರಾ ಒಡೀದಿದ್ರೆ ನನ್ನ ಹೆಸರು ತನುಜ ಅಲ್ಲ.”

“ತಮಾಷೆಗಕ್ಕ. ಶುಕ್ರವಾರ ಬಿಡ್ತೀನಿ ಅಂತ ಆಗಲೇ ಹೇಳಿಬಿಟ್ಟಿದೀನಿ.”

ಮೂವತ್ತೊಂದು ವರ್ಷದ ತಮಾಷೆ ಅದು.

ನನಗೆ ಆರು ವರ್ಷವಿದ್ದಾಗ ಅಪ್ಪ ತೀರಿಕೊಂಡರು. ಶಿಡ್ಲಘಟ್ಟದಿಂದ ನಾಲ್ಕು ಮೈಲಿ ದೂರದ ನಮ್ಮ ಹಳ್ಳಿಯಲ್ಲಿ ಅಮ್ಮ ನನ್ನನ್ನು ಕಟ್ಟಿಕೊಂಡು ಅದೇ ಮನೆಯಲ್ಲಿ ಉಳಿದಳು. ಯಜಮಾನಿಕೆ ಅಪ್ಪನ ತಮ್ಮ ನರಸಿಂಹಮೂರ್ತಿಗೆ ಬಂತು, ಕೆಲಸವೆಲ್ಲ ಅಮ್ಮನಿಗೆ ಬಂತು. ಮನೆಯ ದೊಡ್ಡ ಕೋಣೆಯಲ್ಲೇ ರೇಷ್ಮೆಹುಳು ಸಾಕುತ್ತಿದ್ದರು, ಅಲ್ಲೇ ಒಂದು ಮೂಲೆಯಲ್ಲಿ ಟೀವಿ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೆಚ್ಚುವುದು, ದಿನಕ್ಕೆ ನಾಲ್ಕು ಸಲ ಹುಳುಗಳಿಗೆ ಹಾಕುವುದು, ಹುಳು ಹರಡಿದ ಬಿದಿರು ತಟ್ಟೆಗಳ ಕಸ ತೆಗೆಯುವುದು, ಎಲ್ಲಕ್ಕೂ ಅವಳೇ. ಚಿಕ್ಕಪ್ಪ ಮಾತ್ರ ರೇಷ್ಮೆಗೂಡು ಮಾರುವ ದಿನ ಇಸ್ತ್ರಿ ಅಂಗಿ ತೊಟ್ಟು ಮಾರ್ಕೆಟ್ಟಿಗೆ ಹೊರಡುತ್ತಿದ್ದ. ಮನೆಗೆ ಮಾರಿ, ಊರಿಗೆ ಉಪಕಾರಿ.

ತೊಂಬತ್ತನಾಲ್ಕರ ಒಂದು ಭಾನುವಾರ ಸಂಜೆ ಉಫ್ಫಮ್ಮನ ಕಂತು ಬಂತು. ಹುಳು ಇರುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲವಾದ್ದರಿಂದ ಬೀದಿಯವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ಮುಗಿಬಿದ್ದು ನೋಡಿದರು. ಬಿಳಿ ಸೀರೆಯ ಒಬ್ಬ ವಿಧವೆ ಮಲಗಿದವರ ಮುಖದ ಹತ್ತಿರ ಬಾಗಿ ಮೆಲ್ಲಗೆ ‘ಉಫ್’ ಎಂದು ಊದುತ್ತಾಳೆ. ಮಲಗಿದವರು ಮತ್ತೆ ಏಳುವುದಿಲ್ಲ. ಯಾರನ್ನು ಕೇಳಿದರೂ ಇಷ್ಟೇ ಹೇಳುತ್ತಾರೆ, ನನಗೂ ನೆನಪಿದ್ದದ್ದು ಇಷ್ಟೇ.

ಆ ದಿನ ನಮ್ಮ ಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಬಿಡುವ ಮೊದಲು ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿಕೊಂಡು ನಿದ್ದೆ ಹೋಗುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ಸೋಮವಾರ ಬೆಳಿಗ್ಗೆ ಹುಳುಗಳು ಎದ್ದವು, ಅಮ್ಮ ಸೊಪ್ಪು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹಸಿರು ವಾಂತಿ ಮಾಡಿಕೊಂಡು, ತಲೆ ಆಡಿಸುತ್ತ, ಮುದುಡಿಕೊಂಡು ಸತ್ತವು. ಒಂದು ತಟ್ಟೆಯೂ ಉಳಿಯಲಿಲ್ಲ.

ಮೊದಲು ನೋಡಿದವಳು ಅಮ್ಮ. ಅವಳು ಉಟ್ಟಿದ್ದು ನೀಲಿ ಹೂವಿನ ಸೀರೆ, ಆದರೇನು, ವಿಧವೆ ತಾನೇ. ನೋಡಲು ಬಂದವರಲ್ಲಿ ಯಾರೋ ಬಾಗಿಲಲ್ಲಿ ನಿಂತು “ಉಫ್” ಅಂದರು. ಅಷ್ಟು ಸಾಕಾಯಿತು. ಚಿಕ್ಕಪ್ಪ ಎಲ್ಲರ ಮುಂದೆ “ಅತ್ಗೆ, ಇನ್ಮೇಲೆ ನೀವು ಹುಳದ ಹತ್ರ ಬರಬೇಡಿ” ಅಂದ. ಅಮ್ಮ ಎದುರು ಮಾತಾಡಲಿಲ್ಲ. ಆ ವರ್ಷವೇ ನನ್ನನ್ನು ಕರೆದುಕೊಂಡು ಚಿಂತಾಮಣಿಗೆ ಬಂದು ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದಳು.

ಹೆಸರು ಅಲ್ಲಿಗೂ ಬಂತು. ನೆಂಟರ ಮನೆಯ ನಾಮಕರಣಕ್ಕೆ ಹೋದರೆ, ಅಮ್ಮ ತೊಟ್ಟಿಲ ಹತ್ತಿರ ಬರುವ ಮೊದಲೇ ಯಾರಾದರೂ ಮಗುವನ್ನು ಎತ್ತಿಕೊಂಡುಬಿಡುತ್ತಿದ್ದರು. ನನಗೆ ಬಂದ ಎರಡು ಸಂಬಂಧಗಳು ‘ಉಫ್ಫಮ್ಮನ ಮಗಳಾ?’ ಎಂದು ಕೇಳಿ ಹಿಂದಕ್ಕೆ ಹೋದವು. ಅಂಥವರು ಹೋಗಿದ್ದೇ ಒಳ್ಳೆಯದಾಯಿತು. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಅಮ್ಮ ಬಿಸಿ ಕಾಫಿಯನ್ನೂ ಊದಿ ಕುಡಿಯುವುದಿಲ್ಲ. ಲೋಟ ಮುಂದಿಟ್ಟುಕೊಂಡು ಆರುವವರೆಗೂ ಕಾಯುತ್ತಾಳೆ.

ಜೀವಶಾಸ್ತ್ರ ಓದುವಾಗ ರೇಷ್ಮೆಹುಳುವಿನ ಕಾಯಿಲೆಗಳ ಪುಸ್ತಕ ನನ್ನ ಕೈಗೆ ಸಿಕ್ಕಿತ್ತು. ಹಸಿರು ವಾಂತಿ, ತಲೆ ಆಡಿಸುವುದು, ಮುದುಡಿಕೊಳ್ಳುವುದು: ಹೊಗೆಸೊಪ್ಪಿನ ವಿಷ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಹುಳುವಿನ ಮೇವು ಮುಟ್ಟಬಾರದೆಂದು ರೇಷ್ಮೆ ಸಾಕುವ ಮನೆಯಲ್ಲಿ ಕೂಸಿಗೂ ಗೊತ್ತು. ಅಜ್ಜಿ ಚಿಕ್ಕವೆಂಕಟಮ್ಮ ಎಲೆಅಡಿಕೆಗೆ ಹೊಗೆಸೊಪ್ಪು ಹಾಕುತ್ತಿದ್ದಳು, ಆದರೆ ಜಗಲಿಯಲ್ಲೇ ಕೂತು ಅಗಿದು, ಕೈ ಬಾಯಿ ತೊಳೆದೇ ಒಳಗೆ ಬರುತ್ತಿದ್ದಳು. ಚಿಕ್ಕಪ್ಪ ಮಾತ್ರ ಕದ್ದು ಬೀಡಿ ಸೇದುತ್ತಿದ್ದ. ನನ್ನ ತೀರ್ಪು ಅಂದೇ ಆಗಿಹೋಗಿತ್ತು. ಅಮ್ಮನಿಗೆ ಹೇಳಿದಾಗ ಅವಳು “ಸತ್ತ ಹುಳ ಕೆದಕ್ತಾ ಕೂತ್ಕೋಬೇಡ ಹೋಗು” ಅಂದಳು. ಹೆದರಿಕೆ ಅಂದುಕೊಂಡೆ. ಅವಳ ಪಾಲಿನ ಸಿಟ್ಟನ್ನೂ ನಾನೇ ಸಾಕಿಕೊಂಡು ಬಂದೆ.

ಗುರುವಾರ ರಜೆ ಹಾಕಿ ಹೊರಟೆ. ಅಮ್ಮ ಬೇಡವೆಂದಳು. ನಾನು ಚಪ್ಪಲಿ ಮೆಟ್ಟಿದ್ದು ನೋಡಿ, “ಹಂಗಾದ್ರೆ ನಾನೂ ಬರ್ತೀನಿ, ನಿನ್ನ ಬಾಯಿಗೆ ಯಾರಾದ್ರೂ ಕಾವಲು ಬೇಕು” ಎಂದು ಹಿಂದೆಯೇ ಬಂದಳು.

ಚಿಕ್ಕಪ್ಪನ ಮನೆಯಲ್ಲಿ ಈಗ ಹುಳು ಸಾಕುವುದಕ್ಕೆ ಹಿತ್ತಲಲ್ಲಿ ಬೇರೆ ಶೆಡ್ಡಿದೆ. ದೊಡ್ಡ ಕೋಣೆಯಲ್ಲಿ ಸೋಫಾ ಬಂದಿದೆ. ಜಗನ್ ನಮ್ಮನ್ನು ನೋಡಿದವನೇ ಮೊಬೈಲನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಸಿಕ್ಕಿಸಿದ.

“ಏಮಮ್ಮಾ ತನುಜಾ,” ಅಂದ ಚಿಕ್ಕಪ್ಪ, “ಈ ಮನೆ ದಾರಿ ಇನ್ನೂ ನೆನಪಿದೆಯಾ?”

“ದಾರಿ ನೆನಪಿದೆ ಚಿಕ್ಕಪ್ಪ. ನಿನ್ನ ಬೀಡಿ ವಾಸನೆಯೂ ನೆನಪಿದೆ.”

ಅಮ್ಮ ನನ್ನ ಮೊಣಕೈ ಹಿಡಿದಳು. ಕೊಡವಿಕೊಂಡೆ. ವಾಂತಿಯಿಂದ ಹಿಡಿದು ವಿಷದವರೆಗೆ ಪಾಠ ಮಾಡಿದಂತೆ ಬಿಡಿಸಿ ಹೇಳಿದೆ. “ಬೀಡಿ ಸೇದಿ ಕೈ ತೊಳೀದೆ ಸೊಪ್ಪು ಮುಟ್ಟಿದ್ದು ನೀನು. ಬೆಳೆ ಹೋಯ್ತು. ಪಾಪ ತೊಳ್ಕೊಳಕ್ಕೆ ಒಬ್ಬಳು ವಿಧವೆ ಸಿಕ್ಕಿದ್ಲು. ಜಗನ್, ರೆಕಾರ್ಡ್ ಆಗ್ತಿದೆಯಾ? ಇದನ್ನ ಹಾಕು. ನಿಜವಾದ ಉಫ್ಫಮ್ಮ ಯಾರು ಅಂತ ಜನ ನೋಡ್ಲಿ.”

ಚಿಕ್ಕಪ್ಪನ ಕತ್ತಿನ ನರ ಉಬ್ಬಿತು. “ಬಾಯಿಗೆ ಬಂದಂಗೆ ಮಾತಾಡಬೇಡ. ಬೀಡಿ ಸೇದ್ತಿದ್ದೆ, ನಿಜ. ಆ ಶನಿವಾರ ಭಾನುವಾರ ನಾನು ಊರಲ್ಲೇ ಇರ್ಲಿಲ್ಲ. ಗೌರಿಬಿದನೂರಿಗೆ ಹೆಣ್ಣು ನೋಡಕ್ಕೆ ಹೋಗಿದ್ದೆ. ಬಂದಿದ್ದು ಸೋಮವಾರ ಮಧ್ಯಾಹ್ನ. ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು. ಬೇಕಾದ್ರೆ ನಿಮ್ಮಮ್ಮನ್ನೇ ಕೇಳು.”

“ಇರ್ಲಿಲ್ಲ,” ಅಂದಳು ಅಮ್ಮ.

“ಇನ್ನೂ ಅವನ ಪರಾನೇ ಮಾತಾಡು ನೀನು,” ಎಂದು ಅವಳ ಮೇಲೇ ಹರಿಹಾಯ್ದೆ. “ಮತ್ತೆ ಹೊಗೆಸೊಪ್ಪು ಎಲ್ಲಿಂದ ಬಂತು? ಹಾರಿ ಬಂತಾ?”

“ಹೊಗೆಸೊಪ್ಪಾ?” ಜಗನ್ ಕ್ಯಾಮೆರಾ ಬಿಟ್ಟು ಲ್ಯಾಪ್‌ಟಾಪ್ ತೆರೆದ. “ತಡೀರಿ ಅಕ್ಕ. ಮಂಚೇನಹಳ್ಳಿಯ ಒಬ್ಬ ರಿಟೈರ್ಡ್ ಕಂಡಕ್ಟರ್, ಆವುಲಪ್ಪ ಅಂತ, ಅಷ್ಟೂ ಕಂತಿನ ಕತೆ ಬರೆದು ಕಳಿಸಿದಾರೆ. ಉಫ್ಫಮ್ಮನ ಕಂತಿನ ಕೊನೆ ಅವರೊಬ್ಬರಿಗೇ ನೆನಪಿರೋದು.” ಅವನು ಓದಿದ. “‘ಕಡೆಗೆ ಮನೆಯ ಮುದುಕನು ಹೊಗೆಸೊಪ್ಪಿನ ಚೂರನ್ನು ಮಡಚಿ ತೊಟ್ಟಿಲ ಹಾಸಿಗೆಯ ಕೆಳಗೆ ಇಡುತ್ತಾನೆ. ಮಲಗಿದ ಜೀವಕ್ಕೆ ಹೊಗೆಸೊಪ್ಪೇ ಕಾವಲು ಎನ್ನುತ್ತಾನೆ. ಆ ವಾಸನೆಗೆ ಆಕೆ ಊದಲಾರದೆ ಹೊರಟುಹೋಗುತ್ತಾಳೆ. ಮಗು ಏಳುತ್ತದೆ.’”

ಜಗನ್ ಇನ್ನೂ ಏನೋ ಓದುತ್ತಿದ್ದ. ನನಗೆ ಕೇಳಿಸಲಿಲ್ಲ.

ಆ ಭಾನುವಾರ, ಕಂತು ಮುಗಿದ ಮೇಲೆ, ಅಜ್ಜಿಯ ಎಲೆಅಡಿಕೆ ಚೀಲದ ದಾರ ಬಿಚ್ಚಿದ್ದು ನಾನು. ಅಜ್ಜಿ ಜಗಲಿಯಲ್ಲಿ ಪಕ್ಕದ ಮನೆಯವಳ ಹತ್ತಿರ ಅದೇ ಕತೆ ಹೇಳಿಕೊಂಡು ಕೂತಿದ್ದಳು, ಅಮ್ಮ ಹಿತ್ತಲಲ್ಲಿ ನೀರು ಸೇದುತ್ತಿದ್ದಳು. ಹುಳುಗಳು ತಟ್ಟೆಗಳ ತುಂಬ ತಲೆಯೆತ್ತಿ ಮಲಗಿದ್ದವು. ಆ ಬಿಳಿ ಸೀರೆಯವಳು ಮೊದಲು ಇವುಗಳ ಹತ್ತಿರವೇ ಬರುತ್ತಾಳೆ, ಅಮ್ಮ ಇಷ್ಟು ಕಷ್ಟಪಟ್ಟು ಸಾಕಿದ್ದೆಲ್ಲ ಒಂದೇ ಉಸಿರಿಗೆ ಹೋಗುತ್ತದೆ ಎಂದು ನನಗೆ ಅಳು ಬಂದಿತ್ತು. ಎಟುಕಿದ ತಟ್ಟೆಗಳಿಗೆಲ್ಲ ಹಾಸಿನ ಅಡಿಯಲ್ಲಿ ಒಂದೊಂದು ಚೂರು ಮಡಚಿಟ್ಟೆ. ಉಳಿದಿದ್ದನ್ನು ಪುಡಿ ಮಾಡಿ, ಒದ್ದೆ ಗೋಣಿಯ ಕೆಳಗೆ ನಾಳೆಗೆಂದು ಮುಚ್ಚಿಟ್ಟಿದ್ದ ಸೊಪ್ಪಿಗೆ ಬೆರೆಸಿದೆ. ಹುಳುಗಳ ಹೊಟ್ಟೆಯ ಒಳಗೂ ಕಾವಲಿರಲಿ ಎಂಬ ಲೆಕ್ಕ. ಹೊಗೆಸೊಪ್ಪು ಮುಟ್ಟಬಾರದೆಂದು ನನಗೂ ಗೊತ್ತಿತ್ತು. ಟೀವಿಯ ಮುದುಕ ನಮ್ಮ ಮನೆಯವರೆಲ್ಲರಿಗಿಂತ ಹೆಚ್ಚು ತಿಳಿದವನಂತೆ ಕಂಡಿದ್ದ.

ಇದನ್ನು ನಾನು ಮರೆತಿದ್ದೆನೋ, ಮರೆಯುವುದು ಅನುಕೂಲವಾಗಿತ್ತೋ, ನನಗೆ ಈಗಲೂ ಹೇಳಲು ಬರುವುದಿಲ್ಲ. ಅಮ್ಮನ ಕಡೆ ನೋಡಿದೆ. ಅವಳು ಆಗಲೇ ನನ್ನನ್ನೇ ನೋಡುತ್ತಿದ್ದಳು, ಬೇಡ ಎಂದು ತಲೆ ಆಡಿಸುತ್ತಿದ್ದಳು.

“ಜಗನ್, ಅದನ್ನ ಆಫ್ ಮಾಡಪ್ಪ,” ಅಂದಳು. “ನಿನಗೆ ಹೆಂಗೆ ಬೇಕೋ ಹಂಗೆ ಹಾಕ್ಕೋ. ಉಫ್ಫಮ್ಮ ಅಂತಾನೇ ಹಾಕ್ಕೋ. ನಡಿಯೇ, ಬಸ್ಸು ತಪ್ಪುತ್ತೆ.”

“ಆಫ್ ಮಾಡಬೇಡ,” ಅಂದೆ.

ಹೇಳಿಬಿಟ್ಟೆ. ಅಜ್ಜಿಯ ಚೀಲ, ತಟ್ಟೆ, ಗೋಣಿ, ಎಲ್ಲವನ್ನೂ ಆ ಮೊಬೈಲಿನ ಕಡೆ ಮುಖ ಮಾಡಿ ಹೇಳಿದೆ. ಚಿಕ್ಕಪ್ಪನನ್ನು ಬಯ್ಯಲು ಇಷ್ಟು ವರ್ಷ ಹರಿತ ಮಾಡಿಟ್ಟುಕೊಂಡಿದ್ದ ಮಾತು ಯಾವುದೂ ಕೆಲಸಕ್ಕೆ ಬರಲಿಲ್ಲ. ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು.

ಚಿಕ್ಕಪ್ಪ ಅಮ್ಮನ ಕಡೆ ತಿರುಗಿದ. “ಅತ್ಗೆ, ನಿಮಗೆ ಗೊತ್ತಿತ್ತಾ?” ಅಂದ.

“ಸೋಮವಾರ ಕಸ ತೆಗೀವಾಗ ಸಿಕ್ತು. ತಟ್ಟೆಗೊಂದು ಚೂರು, ಅಚ್ಚುಕಟ್ಟಾಗಿ ಮಡಚಿದ್ದು. ದೊಡ್ಡವರು ಯಾರೂ ಅಷ್ಟು ಸಣ್ಣಗೆ ಮಡಚಲ್ಲ. ಒಲೆಗೆ ಹಾಕ್ದೆ.”

“ನಮ್ಮತ್ರ ಹೇಳಬಾರದಿತ್ತಾ?”

“ಹೇಳಿದ್ರೆ ಆ ಹೆಸರನ್ನ ಯಾರಿಗೆ ಇಡ್ತಿದ್ದೆ ಮೂರ್ತಿ?”

ಚಿಕ್ಕಪ್ಪ ಎದ್ದು ನಿಂತು, ಹಿತ್ತಲ ಕಡೆ ಕೈ ತೋರಿಸಿ, “ಹುಳ ಈಗ ತಾನೇ ಎದ್ದಿವೆ ಅತ್ಗೆ. ಬನ್ನಿ, ನಿಮ್ಮ ಕೈಯಿಂದ ಒಂದು ಹಿಡಿ ಸೊಪ್ಪು ಹಾಕಿ” ಅಂದ. ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ನನಗೆ ಇನ್ನೂ ಅಸಹ್ಯವಾಯಿತು.

“ನೀನು ಬರಬೇಡ ಅಂದಾಗ ನಿಲ್ಲಕ್ಕೆ, ಬಾ ಅಂದಾಗ ಬರಕ್ಕೆ ನಾನೇನು ನಿಮ್ಮನೆ ಆಳಲ್ಲ,” ಅಂದಳು ಅಮ್ಮ. ಸೆರಗು ಸರಿಮಾಡಿಕೊಂಡು ಹೊರಗೆ ಹೊರಟಳು.

ಶಿಡ್ಲಘಟ್ಟದಲ್ಲಿ ಬಸ್ಸು ಹತ್ತಿದ ಮೇಲೆ ಅವಳು ನನ್ನ ಪಕ್ಕದಲ್ಲಿ ಕೂರಲಿಲ್ಲ. ಬಸ್ಸು ಅರ್ಧ ಖಾಲಿಯಿತ್ತು, ಮುಂದೆ ಹೋಗಿ ಕಿಟಕಿ ಪಕ್ಕ ಕೂತಳು. ನಾನು ಹಿಂದಿನ ಸೀಟಿಗೆ ಹೋಗಿ, “ಅಮ್ಮ, ಇನ್ಮೇಲೆ ಯಾರೂ ನಿನ್ನನ್ನ ಹಂಗೆ ಕರಿಯಲ್ಲ” ಅಂದೆ. ಅವಳು ತಿರುಗಲಿಲ್ಲ. ತಪ್ಪಾಯಿತು ಅಂದೆ. ನಿಂದು ಒಂಬತ್ತು ವರ್ಷದ ಮಗುವಿನ ತಪ್ಪು ಎಂದು ಅವಳು ಹೇಳಲಿ ಎಂದು ಕಾಯುತ್ತಿದ್ದೆ. ಹೇಳಲಿಲ್ಲ.

ಚಿಂತಾಮಣಿಯಲ್ಲಿ ಇಳಿದು ಮನೆಯ ತಿರುವಿಗೆ ಬಂದಾಗ ನಿಂತಳು.

“ನನ್ನನ್ನ ಒಂದು ಮಾತು ಕೇಳಿದ್ಯಾ?” ಅಂದಳು. “ನಿನ್ನ ಭಾರ ಇಳಿಸ್ಕೊಂಡೆ, ಸರಿ. ತೊಟ್ಟಿಲ ಹತ್ರ ಹೋದಾಗ ಮಗು ಎತ್ಕೊಂಡು ಓಡ್ತಿದ್ರಲ್ಲ, ಅವಾಗೆಲ್ಲ ನನ್ನ ಮಗಳಿಗೆ ಹಿಂಗೆ ಆಗಲಿಲ್ಲ ಅಂದ್ಕೊಂಡು ತಡ್ಕೊಂಡೆ ಕಣೇ. ಅದೊಂದೇ ನನ್ನತ್ರ ಇದ್ದಿದ್ದು. ಅದನ್ನೂ ತಗೊಂಡು ಹೋಗಿ ಊರಿಗೆಲ್ಲ ತೋರಿಸಿಬಿಟ್ಟೆ.”

ಜಗನ್ ಶುಕ್ರವಾರ ವಿಡಿಯೊ ಬಿಟ್ಟ. ಶನಿವಾರ ಶಾಲೆಯಲ್ಲಿ ನಾನು ಹತ್ತನೇ ತರಗತಿಗೆ ಕಾಲಿಡುತ್ತಿದ್ದಂತೆ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ‘ಉಫ್’ ಅಂದರು. ಸಂಜೆ ಮನೆಗೆ ಬಂದು ಅದನ್ನು ಅಮ್ಮನಿಗೆ ಹೇಳಲಿಲ್ಲ. ಆದರೆ ಅವಳು ನನ್ನ ಮುಖ ನೋಡಿ, ಏನೂ ಕೇಳದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.